ಖಾಲಿ ಜಾಗ ಅಂದುಕೊಂಡು ನಾವು ಕಾಂಡ್ಲಾ ನೆಟ್ಟೆವು

ಎಕರೆಗೆ ಎಷ್ಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಹಾಕಬೇಕು, ಊರವರಿಗೆ ಯಾವ ಪರ್ಯಾಯ ಉದ್ಯೋಗ ಕೊಡಬೇಕು ಅಂತ ಕೇಳಿದ್ದೀರಿ. ಸುಮಾರು ಹತ್ತು ವರ್ಷದ ಹಿಂದೆ ಇದೇ ಎರಡು ಪ್ರಶ್ನೆ ಇಟ್ಟುಕೊಂಡು ನಾನು ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಹೋಗಿದ್ದೆ.

ಆಗ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. 4,000 ಗಿಡದ ಗುರಿ. ಜುಲೈನಲ್ಲಿ, ಇಳಿತದ ಹೊತ್ತಲ್ಲಿ ದೋಣಿ ಮಾಡಿಕೊಂಡು ಜಾಗ ನೋಡಿದೆವು. ಹೊಳೆ ಮಧ್ಯೆ ಅಗಲವಾದ ಕೆಸರಿನ ಬಯಲು ಎದ್ದಿತ್ತು. ಗಿಡ ಇಲ್ಲ, ಬೇಲಿ ಇಲ್ಲ, ಒಬ್ಬ ಮನುಷ್ಯನೂ ಇಲ್ಲ. ಯಾರ ತಕರಾರೂ ಬರಲ್ಲ ಅಂತ ಖುಷಿಯಾಯಿತು. ನುಗ್ಗೆಕಾಯಿ ಥರ ಉದ್ದ ಇರುವ ಕಾಂಡ್ಲಾ ಬೀಜ ತಂದು, ಮೂರರಲ್ಲೊಂದು ಭಾಗ ಕೆಸರಿಗೆ ಇಳಿಸಿ, ಪಕ್ಕಕ್ಕೆ ಬಿದಿರು ಕಡ್ಡಿ ಊರಿದೆವು. ಜುಲೈ 26, ವಿಶ್ವ ಕಾಂಡ್ಲಾ ದಿನ. ಫೋಟೊನೂ ಚೆನ್ನಾಗಿ ಬಂತು.

ನಾನು ಮಾಡಿದ ತಪ್ಪು ಒಂದೇ. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುತ್ತೀರಿ ಅನ್ನಿಸುತ್ತಿದೆ. ನಾನು ಆ ಜಾಗವನ್ನು ಮಳೆಗಾಲದಲ್ಲಿ ಮಾತ್ರ ನೋಡಿದ್ದೆ, ಅದೂ ಇಳಿತದಲ್ಲಿ ಮಾತ್ರ. ಭರತ, ಅಂದರೆ ಉಬ್ಬರ, ಬಂದಾಗ ಅಲ್ಲಿ ಎಷ್ಟು ನೀರು ನಿಲ್ಲುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಒಂದು ದಿನವೂ ಕೂತು ನೋಡಿರಲಿಲ್ಲ. ಕಾಂಡ್ಲಾ ಉಪ್ಪುನೀರಿನ ಗಿಡ ನಿಜ, ಆದರೆ ನೀರೊಳಗಿನ ಗಿಡ ಅಲ್ಲ. ದಿನದ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಹೊತ್ತು ಮುಳುಗಿದ್ದರೆ ಎಳೆ ಗಿಡ ಉಸಿರುಕಟ್ಟಿ ಸಾಯುತ್ತೆ. ನಾವು ನೆಟ್ಟಿದ್ದು ದಿನದ ಮುಕ್ಕಾಲು ಪಾಲು ಮುಳುಗುವ ಜಾಗದಲ್ಲಿ.

ಇನ್ನು ಮನುಷ್ಯರು ಇಲ್ಲ ಅಂದುಕೊಂಡಿದ್ದೆ ಅಲ್ವಾ? ಆ ದಿನಗಳಲ್ಲಿ ಹೊಳೆ ಕೆಂಪಾಗಿ ಸಿಹಿನೀರು ತುಂಬಿತ್ತು, ಬಳಚಿಗೆ, ಅಂದರೆ ಕೆಸರಲ್ಲಿ ಸಿಗುವ ಚಿಪ್ಪುಮೀನಿಗೆ, ಯಾರೂ ಇಳಿದಿರಲಿಲ್ಲ, ಅಷ್ಟೇ. ನವರಾತ್ರಿ ಹೊತ್ತಿಗೆ ಹೋದರೆ ಅದೇ ಬಯಲಲ್ಲಿ ಮೂವತ್ತು ನಲವತ್ತು ಹೆಂಗಸರು. ಸೊಂಟಮಟ್ಟ ನೀರಲ್ಲಿ ನಿಂತು, ಕೆಸರಲ್ಲಿ ಕಾಲಾಡಿಸಿ ಬಳಚು ಹುಡುಕುತ್ತಿದ್ದರು. ನಮ್ಮ ಗಿಡಗಳಿಗೆ ಬುಡದಿಂದ ತುದಿವರೆಗೆ ಬಿಳಿ ಚಿಪ್ಪು ಕಚ್ಚಿಕೊಂಡಿತ್ತು. ಒಂದರಲ್ಲೂ ಹಸಿರೆಲೆ ಇಲ್ಲ. ಸತ್ತ ಗಿಡದ ಪಕ್ಕ ಕಡ್ಡಿಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಒಬ್ಬ ವಯಸ್ಸಾದ ಹೆಂಗಸು ಅಂಗಾಲು ಎತ್ತಿ ತೋರಿಸಿದರು. ಕಡ್ಡಿ ಚುಚ್ಚಿ ಸೀಳಿತ್ತು, ಗಾಯದ ಅಂಚು ನೀರಲ್ಲಿ ನೆನೆದು ಬೆಳ್ಳಗಾಗಿತ್ತು. "ತಮಾ, ಇದು ಖಾಲಿ ಜಾಗ ಅಂತ ನಿಂಗೆ ಯಾರು ಹೇಳಿದ್ರು?" ಅಂದರು. ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ. ಆಮೇಲಿನ ಎರಡು ವಾರ ನಾವೇ ಇಳಿದು ಕಡ್ಡಿ ಕಿತ್ತೆವು.

ಹಾಗಾಗಿ "ಪರ್ಯಾಯ ಉದ್ಯೋಗ" ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಅಲ್ಲಿ ಬಳಚು ಇದೆ. ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕ ಕಟ್ಟೆ ಹಾಕಿದ ಗದ್ದೆಯಲ್ಲಿ, ಮಳೆಗಾಲಕ್ಕೆ ಕಗ್ಗ ಅನ್ನೋ ತಳಿಯ ಭತ್ತ ಇದೆ. ಉಪ್ಪು ತಡೆಯುತ್ತೆ, ಗೊಬ್ಬರ ಕೇಳಲ್ಲ. ಕೊಯ್ಲಾದ ಮೇಲೆ ಜಂತ್ರಡಿ (ಕಟ್ಟೆಯ ತೂಬಿನ ಬಾಗಿಲು) ತೆಗೆದರೆ ಭರತದ ನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತೆ. ಈ ಬದುಕು ಕೆಟ್ಟಿದ್ದು ಜನ ಸೋಮಾರಿಗಳಾಗಿ ಅಲ್ಲ. 90ರ ದಶಕದಲ್ಲಿ ಗಜನಿಗಳು ಸಿಗಡಿ ಕೆರೆಗಳಾದವು, ರೋಗ ಬಂತು, ಗುತ್ತಿಗೆಯವರು ಬಿಟ್ಟು ಹೋದರು. ಪಕ್ಕದ ಶರಾವತಿ ನೋಡಿ. ವಿದ್ಯುತ್ ಕೇಂದ್ರದ ನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪೇ ಕಡಿಮೆಯಾಗಿದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದಕ್ಕೇ ಅಲ್ಲಿ ಇನ್ನೂ ಬಳಚು ಇದೆ. 2024ರಲ್ಲಿ ಆ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ನೀವು ಏಡಿ ಸಾಕಣೆ, ಹೋಂಸ್ಟೇ ಅಂತ ಹೊಸದು ತರುವ ಮೊದಲು ಬಳಚಿಗೆ, ಕಗ್ಗದ ಅಕ್ಕಿಗೆ ಸರಿಯಾದ ಬೆಲೆ ಸಿಗೋ ಹಾಗೆ ಮಾಡಿ.

ಗಿಡದ ವಿಷಯಕ್ಕೆ ಬಂದರೆ, ಕಟ್ಟೆ ಒಡೆದು ಪಾಳು ಬಿದ್ದ ಒಂದು ಗಜನಿಯಲ್ಲಿ ಯಾರೂ ನೆಡದೇ ಉಪ್ಪಟಿ ಅನ್ನೋ ಇನ್ನೊಂದು ಜಾತಿಯ ಕಾಂಡ್ಲಾ ಬಂದಿತ್ತು. ಸುತ್ತ ಕೆಸರಿನ ತುಂಬ ಪೆನ್ಸಿಲ್ ನಿಲ್ಲಿಸಿದ ಹಾಗೆ ಬೇರು. ನೀರು ಬಂದು ಹೋಗಲು ದಾರಿ ಸಿಕ್ಕಿದ್ದೇ ಸಾಕಾಗಿತ್ತು. ಮರುವರ್ಷ ನಾವು 600 ಬೀಜ ಮಾತ್ರ ನೆಟ್ಟೆವು. ಜಾಗ ತೋರಿಸಿದವರು ಗಜನಿಯ ರೈತರು. ಕಟ್ಟೆಯ ಹೊರಮೈಗೆ, ಅಲೆ ಬಡಿಯುವ ಕಡೆ. ಮಣ್ಣಿನ ಕಟ್ಟೆ ಉಳಿದರೆ ಅವರ ಭತ್ತ ಉಳಿಯುತ್ತೆ, ಹಾಗಾಗಿ ದನ ಬರದ ಹಾಗೆ ಅವರೇ ಕಾದರು. ಮುಕ್ಕಾಲು ಪಾಲು ಬದುಕಿವೆ.

ಎಕರೆಗೆ ಎಷ್ಟು ಅನ್ನೋದನ್ನು ಈ ವರ್ಷ ಬಿಡಿ. ಒಂದು ಬಿದಿರು ಗಳ ತಗೊಂಡು ಹೋಗಿ ಊರಿ. ಹುಣ್ಣಿಮೆ, ಅಮಾವಾಸ್ಯೆ ಭರತಕ್ಕೆ ನೀರು ಎಲ್ಲಿಗೆ ಬಂತು ಅಂತ ಗೀಟು ಹಾಕಿ. ಅಷ್ಟಮಿಗೂ ಹೋಗಿ, ಆಗ ಭರತ ಕಮ್ಮಿ. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ನೋಡಿ. ಬಳಚಿಗೆ ಹೆಂಗಸರು ಇಳಿಯುವ ಹೊತ್ತಿಗೆ ದಡದಲ್ಲಿ ಇರಿ, ಗಳ ಊರುವ ಜಾಗವನ್ನೂ ಅವರನ್ನೇ ಕೇಳಿ.