ನೇಯ್ದ ಪ್ಯಾಕಿಂಗ್ ಚೀಲಗಳಿಗೆ ಪಾಲಿಮರ್ ಲೇಪನ ಏಕೆ ಬೇಕು, ಯಾವುದು ಸೂಕ್ತ?

ಬಟ್ಟೆಯನ್ನು ಎಷ್ಟೇ ಒತ್ತಾಗಿ ನೇಯ್ದರೂ ಹಾಸು ಹೊಕ್ಕಿನ ಎಳೆಗಳು ಒಂದನ್ನೊಂದು ದಾಟುವಲ್ಲಿ ಸಣ್ಣ ಕಿಂಡಿಗಳು ಉಳಿದೇ ಇರುತ್ತವೆ. ತೇವ ಒಳನುಗ್ಗುವುದೂ, ನುಣ್ಣನೆಯ ಪುಡಿ ಸೋರುವುದೂ ಅಲ್ಲಿಂದಲೇ. ಚೀಲಕ್ಕೆ ಬಲ ಕೊಡುವುದು ಬಟ್ಟೆ, ಈ ಕಿಂಡಿಗಳನ್ನು ಮುಚ್ಚುವುದು ಪಾಲಿಮರ್, ಅಂದರೆ ಪ್ಲಾಸ್ಟಿಕ್, ಲೇಪನ.

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಿಂದ ನೇಯ್ದ ಚೀಲಗಳಿಗಾದರೆ, ಕರಗಿಸಿದ ಪಾಲಿಮರನ್ನು ಉದ್ದನೆಯ ಸೀಳಿನಿಂದ ಪರದೆಯಂತೆ ಬಟ್ಟೆಯ ಮೇಲೆ ಇಳಿಸಿ, ತಂಪಾದ ರೋಲರಿನಿಂದ ಒತ್ತಿ ಕೂಡಿಸುತ್ತಾರೆ. ಪದರದ ದಪ್ಪ ಸಾಮಾನ್ಯವಾಗಿ 20ರಿಂದ 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕನ್ನಷ್ಟೇ ಹಾಕಿದರೆ ಅದು ಪಾಲಿಪ್ರೊಪಿಲೀನಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಅಂಚಿನಲ್ಲಿ ಉಗುರು ತಾಗಿಸಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಆದ್ದರಿಂದ ಪಾಲಿಪ್ರೊಪಿಲೀನನ್ನೇ ಮುಖ್ಯವಾಗಿಟ್ಟು ಸ್ವಲ್ಪ ಪಾಲಿಎಥಿಲೀನ್ ಬೆರೆಸುವುದು ರೂಢಿ. ಬಟ್ಟೆ, ಲೇಪನ ಎರಡೂ ಒಂದೇ ಬಗೆಯ ಪ್ಲಾಸ್ಟಿಕ್ಕಿನವಾದ್ದರಿಂದ ಮರುಬಳಕೆಯೂ ಸುಲಭ. ಸೆಣಬಿನ ಚೀಲಕ್ಕೆ ಪ್ಲಾಸ್ಟಿಕ್ ಬಳಿದರೆ ಈ ಅನುಕೂಲ ಇಲ್ಲವಾಗುತ್ತದೆ. ಸಿಮೆಂಟ್ ಚೀಲಕ್ಕೆ ಮಾತ್ರ, ತುಂಬುವಾಗ ಗಾಳಿ ಹೊರಹೋಗಲೆಂದು, ಲೇಪನದ ಮೇಲೆ ಅತಿ ಸಣ್ಣ ರಂಧ್ರಗಳನ್ನು ಕೊರೆಯಬೇಕಾಗುತ್ತದೆ.