ಹಿಮಸಮುದ್ರದ ಮೀನು ಮತ್ತು ನಮ್ಮ ಬೂತಾಯಿ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಂಟಾರ್ಕ್ಟಿಕದ ಮೀನುಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಬೂತಾಯಿ ಮೀನು ಸಿಗದೆ ನಮ್ಮ ದೋಣಿಗಳು ಬರಿದಾಗಿ ಮರಳುವ ಈ ಕಾಲದಲ್ಲಿ ಗಡಿನಾಡಿನ ಪತ್ರಿಕೆಗೆ ಆ ಹಿಮಸಮುದ್ರದ ಗೊಡವೆ ಏಕೆ?" (ಕುಂಬಳೆಯ ಓದುಗರೊಬ್ಬರು)

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಕಳಕಳಿ ನ್ಯಾಯವಾದದ್ದು. ಕೇರಳದ ಕರಾವಳಿಯಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಅದರ ಬಗ್ಗೆ ಬರೆಯಲೇಬೇಕು. ಆದರೆ ಹಿಮಸಮುದ್ರ ನಮಗೆ ಸಂಬಂಧಿಸಿದ್ದಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಮಳೆಗಾಲದಲ್ಲಿ ನಮ್ಮ ಕಡಲಿನ ಆಳದಿಂದ ಪೋಷಕಾಂಶ ತುಂಬಿದ ತಣ್ಣೀರು ಮೇಲೇಳುವುದರಿಂದಲೇ ನೀರಿನಲ್ಲಿ ತೇಲುವ ಕಿರುಜೀವಿಗಳಾದ ಪ್ಲವಕಗಳು ಬೆಳೆದು, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಜಗತ್ತಿನ ಸಾಗರಗಳಿಗೆ ಅಂಥ ಪೋಷಕಾಂಶಗಳನ್ನು ಒಳಗಿಂದೊಳಗೇ ಹಂಚುವ ಪ್ರವಾಹಗಳ ದೊಡ್ಡ ಪಾಲು ಹೊರಡುವುದು ಅಂಟಾರ್ಕ್ಟಿಕದ ಸುತ್ತಲಿನ ಸಾಗರದಿಂದ. 1981ರಲ್ಲಿ ಗೋವೆಯಿಂದ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆಯ ಮುಂದಾಳು ಸೈಯದ್ ಜಹೂರ್ ಕಾಸಿಂ ಅವರು ಸಮುದ್ರಜೀವಿಗಳ ವಿಜ್ಞಾನಿ. ಇಂದಿಗೂ ನಮ್ಮ ಬೂತಾಯಿಯ ಲೆಕ್ಕವಿಡುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು ಅವರು. ಅವರಿಗೆ ಈ ಎರಡು ಕಡಲುಗಳು ಬೇರೆ ಬೇರೆಯಾಗಿ ಕಂಡಿರಲಾರವು.

ಆ ಲೇಖನ ಓದಿದ ಮೀನುಗಾರರ ಮನೆಯ ಹುಡುಗನೊಬ್ಬ ನಮ್ಮ ಕಚೇರಿಗೆ ಬಂದು ಕೇಳಿದ ಪ್ರಶ್ನೆಯನ್ನು ನೀವೂ ಕೇಳಬೇಕು. ಅವನ ತಾಯಿ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತಾರಂತೆ. ಕೆಂಪಾಗಿದ್ದರೆ ತಾಜಾ, ಬಿಳಿಚಿದ್ದರೆ ಹಳತು. ಹಾಗಾದರೆ ಲೇಖನದಲ್ಲಿದ್ದ, ರಕ್ತವೇ ಕೆಂಪಲ್ಲದ ಹಿಮಮೀನನ್ನು ಪರೀಕ್ಷಿಸುವುದು ಹೇಗೆ? ಆ ಹಿಮಮೀನಿನ ಕಿವಿರು ಜೀವಂತವಿರುವಾಗಲೇ ಕೆನೆಬಿಳುಪು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುವುದರಿಂದ, ರಕ್ತಕ್ಕೆ ಕೆಂಪು ಕೊಟ್ಟು ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇಲ್ಲದೆಯೂ ಅದು ಬದುಕುತ್ತದೆ. ಆ ಕೊರತೆಯನ್ನು ದೊಡ್ಡ ಹೃದಯವೂ ಹೆಚ್ಚಿನ ರಕ್ತವೂ ತುಂಬಿಕೊಡುತ್ತವೆ. ಸಮುದ್ರದ ನೀರೇ ಹೆಪ್ಪುಗಟ್ಟುವ ಮೈನಸ್ 1.9 ಡಿಗ್ರಿಯಲ್ಲೂ ಅದರ ಮೈ ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನುಗಳು ಆ ರಕ್ತದಲ್ಲಿವೆ. 2021ರಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಹಿಮದ ಹಾಸಿನ ಕೆಳಗೆ ಕ್ಯಾಮೆರಾ ಇಳಿಸಿದ ಜರ್ಮನ್ ಹಡಗಿನ ವಿಜ್ಞಾನಿಗಳಿಗೆ ಇದೇ ಕುಲದ ಮೀನುಗಳ ಸುಮಾರು 6 ಕೋಟಿ ಗೂಡುಗಳಿರುವ ಬಯಲು ಸಿಕ್ಕಿತು. ಮುಕ್ಕಾಲು ಮೀಟರ್ ಅಗಲದ ಗುಂಡನೆಯ ತಗ್ಗು, ನಡುವೆ ಸಣ್ಣ ಕಲ್ಲುಗಳು, ಅವುಗಳ ಮೇಲೆ ಸಾವಿರದ ಏಳುನೂರರಷ್ಟು ಮೊಟ್ಟೆಗಳು, ಕಾವಲಿಗೆ ಒಂದು ದೊಡ್ಡ ಮೀನು. ಇದನ್ನು ಓದಿ ಆ ಹುಡುಗನ ಕಣ್ಣರಳಿತು. ನಾಲ್ಕು ಪುಟ ಕೊಟ್ಟದ್ದು ಕಡಿಮೆಯೇ ಆಯಿತೆಂದು ನನಗೆ ಅನ್ನಿಸಿತು.

ನಿಮ್ಮ ಚಿಂತೆಗೆ ಇನ್ನೂ ಹತ್ತಿರದ ಒಂದು ಮಾತಿದೆ. ಅಲ್ಲಿನ ತಿಮಿಂಗಿಲ, ಸೀಲ್, ಪೆಂಗ್ವಿನ್‌ಗಳೆಲ್ಲ ನೆಚ್ಚಿರುವುದು ಕ್ರಿಲ್ ಎಂಬ ಕಿರುಬೆರಳುದ್ದದ, ಸಿಗಡಿಯಂಥ ಜೀವಿಯನ್ನು. ಅದರ ಮರಿಗಳು ಚಳಿಗಾಲ ಕಳೆಯುವುದು ಹಿಮದ ಅಡಿಯಲ್ಲಿ ಬೆಳೆಯುವ ಪಾಚಿಯನ್ನು ಕೆರೆದು ತಿಂದು. ಹಿಮ ಕರಗಿದರೆ ಆ ಮೇವೂ ಹೋಯಿತು. ಅದರ ಮೇಲೆ ದೊಡ್ಡ ಹಡಗುಗಳು ಬಂದು ಕ್ರಿಲ್ಲನ್ನು ಹಿಡಿದು, ಸಾಕುಮೀನಿನ ಆಹಾರಕ್ಕೂ ಎಣ್ಣೆಯ ಗುಳಿಗೆಗೂ ಬಳಸುತ್ತವೆ. ನಮ್ಮ ಕರಾವಳಿಯಲ್ಲಿ ಇನ್ನೂ ಬೆಳೆಯದ ಬೂತಾಯಿ ಮರಿಗಳನ್ನು ಬಾಚಿ ಮೀನೆಣ್ಣೆಯ ಕಾರ್ಖಾನೆಗೆ ಸಾಗಿಸುವುದನ್ನು ನೀವು ಕಂಡಿದ್ದೀರಿ. ಎರಡೂ ಒಂದೇ ಬಗೆಯ ದುರಾಸೆ. ಅಂಟಾರ್ಕ್ಟಿಕದ ರಾಸ್ ಸಮುದ್ರದ 15 ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವನ್ನು ರಕ್ಷಿಸಲು 2016ರಲ್ಲಿ ಒಪ್ಪಂದ ಮಾಡಿಕೊಂಡ ಮಂಡಳಿಯಲ್ಲಿ ಭಾರತವೂ ಸದಸ್ಯ ದೇಶ. ಅಲ್ಲಿ ನಮ್ಮ ಹೆಸರಿನಲ್ಲಿ ಏನು ತೀರ್ಮಾನವಾಗುತ್ತದೆಂದು ತಿಳಿಯುವ ಹಕ್ಕು ಕುಂಬಳೆಯವರಿಗೂ ಇದೆ.

ನನ್ನನ್ನು ನೋಯಿಸುವುದು ಬೇರೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಅದೇ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಓದಲು ಕೊಟ್ಟಾಗ, ಗಡಿನಾಡಿನ ಪತ್ರಿಕೆ ಗಡಿಯ ಗೋಳನ್ನಷ್ಟೇ ಬರೆಯಲಿ ಎನ್ನುತ್ತೇವೆ. ಯಕ್ಷಗಾನಕ್ಕೆ, ಸಂಸ್ಮರಣೆಗೆ, ಮನವಿಪತ್ರಕ್ಕೆ ಮಾತ್ರ ಕನ್ನಡ, ಜಗತ್ತನ್ನು ತಿಳಿಯಲು ಇನ್ನೊಂದು ಭಾಷೆ ಎಂದು ನಾವೇ ಒಪ್ಪಿಕೊಂಡರೆ, ಆ ತರಗತಿಗಳನ್ನು ಉಳಿಸಿ ಎಂದು ಯಾವ ಬಾಯಿಂದ ಕೇಳೋಣ?

ಕಡಲಿನವರ ಕಷ್ಟವನ್ನು ಹತ್ತಿರದಿಂದ ಬಲ್ಲ ನೀವು ಬೂತಾಯಿಯ ಬಗ್ಗೆ ದಯವಿಟ್ಟು ಬರೆದು ಕಳುಹಿಸಿ, ನಾಲ್ಕು ಪುಟವನ್ನೂ ಕೊಡುತ್ತೇನೆ. ಅದರ ಪಕ್ಕದಲ್ಲಿ ಉತ್ತರ ಧ್ರುವದ ತಣ್ಣೀರಿನಲ್ಲಿ ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಬದುಕುವ ಗ್ರೀನ್‌ಲ್ಯಾಂಡ್ ಶಾರ್ಕ್‌ನ ಲೇಖನವೂ ಬರುತ್ತದೆ.