ಓದುಗರ ಪ್ರಶ್ನೆ: ನೋಟಾ, ಪಕ್ಷೇತರರು ಮತ್ತು ಕಂಪನಿಗಳ ದುಡ್ಡು

ಚುನಾವಣೆಯಲ್ಲಿ ಆರಿಸಲು ಯಾರೂ ಉಳಿದಿಲ್ಲ, ಯಾರು ಗೆದ್ದರೂ ದುಡ್ಡಿದ್ದವರ ಕೆಲಸವೇ ಆಗುತ್ತದೆ ಎಂಬ ಬೇಸರದ ಪತ್ರಗಳು ಮಲೆನಾಡಿನಿಂದ ಸಾಲಾಗಿ ಬಂದಿವೆ. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೂರೂ ಪಕ್ಷದವರನ್ನು ನೋಡಿಯಾಯಿತು. ಈ ಸಲ ಊರಿನವರೆಲ್ಲ ಸೇರಿ ನೋಟಾ ಒತ್ತಬೇಕೆಂದಿದ್ದೇವೆ. ನೋಟಾಕ್ಕೆ ಹೆಚ್ಚು ಮತ ಬಿದ್ದರೆ ಮರುಚುನಾವಣೆ ಆಗುತ್ತದಲ್ಲವೇ? — ಓದುಗರು, ತೀರ್ಥಹಳ್ಳಿ

ಆಗುವುದಿಲ್ಲ. ಸುಪ್ರೀಂ ಕೋರ್ಟು 2013ರ ಸೆಪ್ಟೆಂಬರ್ 27ರಂದು ಕೊಟ್ಟ ತೀರ್ಪಿನಿಂದ ನೋಟಾ ಬಂತು. ಯಾರೂ ಬೇಡವೆಂದು ಗುಟ್ಟಾಗಿ ಹೇಳುವ ಹಕ್ಕು ಅದು, ಅಷ್ಟೇ. ವಿಧಾನಸಭೆ, ಲೋಕಸಭೆಗಳಲ್ಲಿ ಅದು ಫಲಿತಾಂಶವನ್ನು ಬದಲಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. 1,60,000 ಮತ ಬಿದ್ದು ನೋಟಾಕ್ಕೆ 70,000, ಒಬ್ಬರಿಗೆ 50,000, ಇನ್ನೊಬ್ಬರಿಗೆ 40,000 ಬಂದರೆ 50,000 ಪಡೆದವರೇ ಶಾಸಕರು. ಠೇವಣಿಯ ವಿಷಯದಲ್ಲಿ ನೋಟಾ ಇನ್ನೂ ತಿರುಗುಬಾಣ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಆ ಲೆಕ್ಕದಲ್ಲಿ ನೋಟಾ ಸೇರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಸಿಂಧು ಮತ 90,000, ಆರನೇ ಒಂದು ಭಾಗ 15,000. ನಿಮ್ಮ 70,000 ಮತ ಯಾರ ಠೇವಣಿಯನ್ನೂ ಕಳೆಯುವುದಿಲ್ಲ, ಠೇವಣಿ ಉಳಿಸಿಕೊಳ್ಳುವುದನ್ನು ಸುಲಭ ಮಾಡುತ್ತದೆ.

2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾಕ್ಕೆ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಮತ ಬಿತ್ತು. ಗೆದ್ದವರ ಗೆಲುವಿಗೆ ಕುಂದು ಬರಲಿಲ್ಲ. ಅದೇ ವರ್ಷ ಸೂರತ್‌ನಲ್ಲಿ ಒಬ್ಬರೇ ಉಳಿದು ಅವಿರೋಧ ಆಯ್ಕೆಯಾದ್ದರಿಂದ ಮತದಾನವೇ ನಡೆಯಲಿಲ್ಲ, ನೋಟಾ ಒತ್ತುವ ಅವಕಾಶವೂ ಸಿಗಲಿಲ್ಲ. ಹರಿಯಾಣ, ಮಹಾರಾಷ್ಟ್ರಗಳು 2018ರಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ, ನೋಟಾ ಮುಂದಿದ್ದರೆ ಮರುಚುನಾವಣೆ ಎಂಬ ನಿಯಮ ತಂದವು. ಕೇಳುವುದಾದರೆ ನಮ್ಮ ರಾಜ್ಯ ಚುನಾವಣಾ ಆಯೋಗವನ್ನೂ ಅದನ್ನೇ ಕೇಳಬೇಕು.

ಮನೆಯಲ್ಲೇ ಕೂರುವುದಕ್ಕಿಂತ ನೋಟಾ ಮೇಲು, ಸಂಖ್ಯೆಯಾದರೂ ದಾಖಲಾಗುತ್ತದೆ. ಆದರೆ ಇಡೀ ಊರು ಒಟ್ಟಾಗಬಲ್ಲದಾದರೆ ಆ ಬಲವನ್ನು ನೋಟಾಕ್ಕೆ ಸುರಿಯುವುದು ನಷ್ಟ. ಮುಂದಿನ ಉತ್ತರ ಓದಿ.

ಪ್ರಶ್ನೆ: ನಮ್ಮದೇ ಒಬ್ಬರನ್ನು ವಿಧಾನಸಭೆಗೆ ಪಕ್ಷೇತರರಾಗಿ ನಿಲ್ಲಿಸುವ ಯೋಚನೆಯಿದೆ. ಖರ್ಚೆಷ್ಟು, ಎಲ್ಲಿ ಎಡವುತ್ತಾರೆ? — ಓದುಗರು, ಹೊಸನಗರ

ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ಪ್ರಮಾಣಪತ್ರ ಕೊಟ್ಟರೆ 5,000. ವಯಸ್ಸು 25 ತುಂಬಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು (ನಾಮಪತ್ರಕ್ಕೆ ಸಹಿ ಹಾಕಿ ಹೆಸರು ಸೂಚಿಸುವವರು) ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ನಾಮಪತ್ರ ಬೀಳುವುದು ಹೆಚ್ಚಾಗಿ ಈ ಹತ್ತು ಹೆಸರುಗಳಲ್ಲೇ.

ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ನಿಮ್ಮ ತಾಲ್ಲೂಕಿನಲ್ಲಿ ಇದು ದೊಡ್ಡ ಗುಂಡಿ. 2008ರಲ್ಲಿ ಹೊಸನಗರ ಕ್ಷೇತ್ರ ರದ್ದಾಗಿ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಗಿದೆ. ಪಕ್ಕದ ಊರಿನ ನೆಂಟರು ಒಂದೇ ತಾಲ್ಲೂಕಿನವರಾದರೂ ಬೇರೆ ಕ್ಷೇತ್ರದ ಮತದಾರರಾಗಿರಬಹುದು. ಹತ್ತರಲ್ಲಿ ಒಬ್ಬರು ತಪ್ಪಿದರೂ ಆ ನಾಮಪತ್ರ ತಿರಸ್ಕೃತ. ಆದ್ದರಿಂದ ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಮತದಾರರ ಪಟ್ಟಿಯಿಂದಲೇ ಬರೆದುಕೊಳ್ಳಿ. ಹಳೆಯ ಪಟ್ಟಿಯ ಸಂಖ್ಯೆ ಬದಲಾಗಿರುತ್ತದೆ. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ಅದು ಚುನಾವಣಾಧಿಕಾರಿಯ ಅಥವಾ ಅದಕ್ಕೆ ನೇಮಿಸಿದ ಅಧಿಕಾರಿಯ ಎದುರಿಗೇ ಆಗಬೇಕು. ಮನೆಯಲ್ಲಿ ಒತ್ತಿಸಿ ತಂದರೆ ನಡೆಯುವುದಿಲ್ಲ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಒಂದೇ. ಬೇರೆ ಬೇರೆ ಹತ್ತು ಮಂದಿಯ ಸಹಿಯೊಂದಿಗೆ ಎರಡು ಸೆಟ್ಟಾದರೂ ಕೊಡಿ.

ನಾಮಪತ್ರಕ್ಕೆ ನಮೂನೆ 2ಬಿ. ಜೊತೆಗೆ ಆಸ್ತಿ, ಸಾಲ, ಪ್ರಕರಣ, ಐದು ವರ್ಷದ ಆದಾಯ, ವಿದ್ಯಾಭ್ಯಾಸ ಹೇಳುವ ನಮೂನೆ 26ರ ಅಫಿಡವಿಟ್, ನೋಟರಿ ಮುಂದೆ ಪ್ರಮಾಣ ಮಾಡಿದ್ದು. ಅದರಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು. ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. ಖಾಲಿ ಬಿಟ್ಟದ್ದನ್ನು ನೋಟಿಸು ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎಲ್ಲವೂ ಕೊನೆಯ ದಿನದ ಮಧ್ಯಾಹ್ನ 3 ಗಂಟೆಯೊಳಗೆ. ಆಗುಂಬೆ, ನಗರ ಕಡೆಯಿಂದ ಬಸ್ಸು ಹಿಡಿದು ಬರುವವರು ಕೊನೆಯ ದಿನವನ್ನು ನಂಬಬೇಡಿ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ಹಿಂದಿನ ದಿನದೊಳಗೆ, ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆ ಸ್ವೀಕರಿಸಬೇಕು. ಇದನ್ನು ಮರೆತು ಹೊರಬಿದ್ದವರಿದ್ದಾರೆ.

ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನಾಮಪತ್ರಕ್ಕೆ ಒಂದು ದಿನ ಮುಂಚೆಯಾದರೂ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸೋತು ಠೇವಣಿ ಕಳೆದುಕೊಂಡವರು ಲೆಕ್ಕ ಕೊಡುವುದನ್ನೇ ಬಿಟ್ಟುಬಿಡುತ್ತಾರೆ, ಅದು ತಪ್ಪು. ಫಲಿತಾಂಶದ ದಿನದಿಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು.

ಇನ್ನು ಏಜೆಂಟರು. ಒಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳು. ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ ನಡೆಯುವ ಅಣಕು ಮತದಾನಕ್ಕೆ ನಿಮ್ಮವರು ಹಾಜರಿರಬೇಕು, ಸಂಜೆ ಬಿದ್ದ ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿ ಪಡೆದೇ ಹೊರಡಬೇಕು. ಎಣಿಕೆಯ ದಿನ ತಾಳೆ ನೋಡಲು ಕೈಯಲ್ಲಿರುವ ಕಾಗದ ಅದೊಂದೇ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದರು. ಹಿಂದಿನ ವರ್ಷದ ಕಾಗೋಡು ಸತ್ಯಾಗ್ರಹ ಗೇಣಿದಾರರನ್ನು ಆಗಲೇ ಒಗ್ಗೂಡಿಸಿತ್ತು. ಮೊದಲು ಸಂಘಟನೆ, ಆಮೇಲೆ ನಾಮಪತ್ರ. ಅಷ್ಟು ಬಲ ಇನ್ನೂ ಇಲ್ಲವೆನಿಸಿದರೆ ಗ್ರಾಮ ಪಂಚಾಯಿತಿಯಿಂದ ಶುರು ಮಾಡಿ. ನಮ್ಮ ರಾಜ್ಯದಲ್ಲಿ ಅಲ್ಲಿ ಪಕ್ಷದ ಚಿಹ್ನೆಗಳಿಲ್ಲ, 21 ವಯಸ್ಸು ಸಾಕು.

ಪ್ರಶ್ನೆ: ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿದೆ ಎಂದು ನಮ್ಮಂಥವರು ನೋಡಬಹುದೇ? — ಓದುಗರು, ಭದ್ರಾವತಿ

ಬಹುಮಟ್ಟಿಗೆ ನೋಡಬಹುದು. ಕೊಟ್ಟವರ ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ಹಣ ಕೊಡಲು 2018ರ ಜನವರಿಯಲ್ಲಿ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರವರಿ 15ರಂದು ರದ್ದು ಮಾಡಿತು. 2019ರ ಏಪ್ರಿಲ್ 12ರಿಂದ ಬಾಂಡ್ ಕೊಂಡವರ, ನಗದು ಮಾಡಿಕೊಂಡ ಪಕ್ಷಗಳ ಪಟ್ಟಿ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. 2017ರಲ್ಲಿ ತೆಗೆದುಹಾಕಿದ್ದ ಮಿತಿಯೂ ಆ ತೀರ್ಪಿನಿಂದ ಮರಳಿತು: ಕಂಪನಿ ಕೊಡಬಹುದಾದದ್ದು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5ರವರೆಗೆ ಮಾತ್ರ.

ಪಕ್ಷಗಳು ಪ್ರತಿವರ್ಷ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಆಯೋಗಕ್ಕೆ ಕೊಡಬೇಕು, ಆ ವರದಿ ಅದೇ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಕಡೆ ಗಣಿ, ರಸ್ತೆ, ವಿದ್ಯುತ್ ಗುತ್ತಿಗೆ ಪಡೆದ ಕಂಪನಿಯ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿ, ಗುತ್ತಿಗೆ ಸಿಕ್ಕ ದಿನಾಂಕವನ್ನು ಪಕ್ಕದಲ್ಲಿಡಿ. ಹೆಸರು ಸಿಗದಿದ್ದರೆ ನಿರಾಶರಾಗಬೇಡಿ: ಅಂಗಸಂಸ್ಥೆಯ ಹೆಸರಿನಲ್ಲಿ ಅಥವಾ ಕಂಪನಿಗಳಿಂದ ಪಡೆದು ಪಕ್ಷಗಳಿಗೆ ಹಂಚುವ ಎಲೆಕ್ಟೋರಲ್ ಟ್ರಸ್ಟ್ ಮೂಲಕ ಹಣ ಹೋಗಿರಬಹುದು. ಟ್ರಸ್ಟುಗಳೂ ತಮ್ಮ ವರದಿ ಕೊಡಬೇಕು, ಅದನ್ನೂ ತೆರೆದು ನೋಡಿ. ಮತದಾನದ ಹಿಂದಿನ ರಾತ್ರಿ ಕೈಯಿಂದ ಕೈಗೆ ಹೋಗುವ ನಗದು ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿ–ವಿಜಿಲ್ ಆ್ಯಪಿನಲ್ಲಿ ಅಲ್ಲೇ ಫೋಟೊ ತೆಗೆದು ಕಳಿಸಿ. ಗ್ಯಾಲರಿಯಲ್ಲಿರುವ ಹಳೆಯ ಚಿತ್ರವನ್ನು ಅದು ಸ್ವೀಕರಿಸುವುದಿಲ್ಲ.

ಪ್ರಶ್ನೆ: ಊರಿನ ಹತ್ತಿರ ದೊಡ್ಡ ಯೋಜನೆಯೊಂದಕ್ಕೆ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರಂತೆ. ಹೋಗಿ ಕೂಗಾಡಿ ಬರುವುದರಿಂದ ಉಪಯೋಗವಿದೆಯೇ? — ಓದುಗರು, ಸಾಗರ

ಕೂಗಾಡಿದರೆ ಇಲ್ಲ, ದಾಖಲಿಸಿದರೆ ಇದೆ. 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ, ಒಂದಾದರೂ ಪ್ರಾದೇಶಿಕ ಭಾಷೆಯದರಲ್ಲಿ, ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ಆ ಮೂವತ್ತು ದಿನವೇ ನಿಮ್ಮ ಕೆಲಸದ ಕಾಲ.

ವರದಿಯಲ್ಲಿ ಮೊದಲು ನೋಡಬೇಕಾದ್ದು ಸಮೀಕ್ಷೆ ಯಾವ ತಿಂಗಳಲ್ಲಿ ನಡೆಯಿತು ಎಂಬುದು. ಬೇಸಿಗೆಯಲ್ಲಷ್ಟೇ ಅಳೆದಿದ್ದರೆ ಆಷಾಢದ ಹಳ್ಳ, ಧರೆ ಕುಸಿತ, ಮಳೆಗಾಲದ ಒರತೆ ಯಾವುದೂ ಅದರಲ್ಲಿ ಇರುವುದಿಲ್ಲ. ಆಮೇಲೆ ಮರಗಳ ಎಣಿಕೆ, ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಸರ್ವೆ ನಂಬರುಗಳಲ್ಲಿ ಯಾರ ಬಗರ್‌ಹುಕುಂ ಸಾಗುವಳಿ ಇದೆ, ಯಾರ ಸೊಪ್ಪಿನಬೆಟ್ಟ ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟೆಗೆ ಮುಳುಗಿದ ಊರುಗಳವರ ಭೂಮಿಯ ಹಕ್ಕಿನ ಜಗಳ ಇಂದಿಗೂ ಮುಗಿಯದಿರುವಾಗ, ತಳಕಳಲೆ–ಗೇರುಸೊಪ್ಪೆ ನಡುವಿನ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಯಂಥದಕ್ಕೆ ಈ ಪ್ರಶ್ನೆಗಳನ್ನು ಕೇಳದೆ ಬಿಡಬಾರದು.

ಆಕ್ಷೇಪಣೆಯನ್ನು ಬರೆದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವರದಿಯ ಪುಟ ಸಂಖ್ಯೆ ಹೇಳಿ, ಒಂದು ಪುಟಕ್ಕೆ ಒಂದು ವಿಷಯ. ನೂರು ಜನ ಒಂದೇ ನಕಲಿಗೆ ಸಹಿ ಹಾಕಿದರೆ ಅದನ್ನು ಒಂದೇ ಆಕ್ಷೇಪಣೆಯೆಂದು ಸಾರಾಂಶ ಮಾಡಿಬಿಡುತ್ತಾರೆ. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು, ಎಲ್ಲವೂ ವಿಡಿಯೊ ಆಗಬೇಕು. ಕೋರಂ ಇಲ್ಲ, ಆದ್ದರಿಂದ ಬಹಿಷ್ಕರಿಸಿದರೂ ಸಭೆ ನಡೆದೇ ಹೋಗುತ್ತದೆ. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅದೇ ದಿನ ಸಹಿಯಾಗಬೇಕು. ಹೆಚ್ಚಿನವರು ಮಾತು ಮುಗಿಸಿ ಆ ಹೊತ್ತಿಗೆ ಮನೆ ಸೇರಿರುತ್ತಾರೆ. ನಾಲ್ಕು ಜನ ಕೊನೆಯವರೆಗೂ ಕೂತು, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಕೇಳಿ. ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ; ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು.

ಕಂಪನಿಗೆ ಕೊಟ್ಟ ಭೂಮಿಯ ಲೀಸ್ ಮುಗಿಯುವ ದಿನವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿಟ್ಟುಕೊಳ್ಳಿ. ಎಂಪಿಎಂಗೆ (ಮೈಸೂರು ಕಾಗದ ಕಾರ್ಖಾನೆ) ಅಕೇಶಿಯಾದಂಥ ನೆಡುತೋಪು ಬೆಳೆಸಲು 1980ರಲ್ಲಿ 40 ವರ್ಷಕ್ಕೆ ಕೊಟ್ಟ ಅರಣ್ಯಭೂಮಿಯ ಲೀಸ್ 2020ರಲ್ಲಿ ಮುಗಿದಾಗಲೇ ಅಕೇಶಿಯಾ ವಿರೋಧಿ ಚಳವಳಿಗೆ ಬಲ ಬಂದದ್ದು. ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು, ಮೀರಿದರೆ ಹಿಂದಿರುಗಿಸಬಹುದು.

ಪ್ರಶ್ನೆ: ಸಂಘದ ಸಾಲದ ಕಂತಿಗೆ ರಾತ್ರಿ ಎಂಟಕ್ಕೆ ಬಂದು ಅಂಗಳದಲ್ಲಿ ಕೂರುತ್ತಾರೆ. ಏನು ಮಾಡಲಿ? — ಓದುಗರು, ಸೊರಬ

ತಾಯಿ, ಅದು ನಿಯಮಕ್ಕೆ ವಿರುದ್ಧ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದಂತೆ ಮೈಕ್ರೊ ಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬರುವಂತಿಲ್ಲ. ಕಂತು ಕಟ್ಟುವ ಜಾಗ ನಿಮ್ಮ ಒಪ್ಪಿಗೆಯಿಂದ ಗೊತ್ತಾಗಬೇಕು. ಅಲ್ಲಿಗೆ ನೀವು ಸತತ ಎರಡು ಸಲ ಬಾರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡುವುದೂ ತಪ್ಪು.

ಬಂದ ದಿನ, ಗಂಟೆ, ಆಡಿದ ಮಾತನ್ನು ಬರೆದಿಡಿ. ಲೋನ್ ಕಾರ್ಡಿನ ಮೇಲಿರುವ ದೂರು ವಿಳಾಸಕ್ಕೆ ಲಿಖಿತವಾಗಿ ಕಳಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ಮಾಹಿತಿಗೆ 14448. ಬೆದರಿಕೆ ಹಾಕಿದ್ದರೆ, ಮನೆಯ ಸಾಮಾನಿಗೆ ಕೈ ಹಾಕಿದ್ದರೆ ಮೂವತ್ತು ದಿನ ಕಾಯಬೇಡಿ, ಅದೇ ದಿನ ಠಾಣೆಗೆ ಹೋಗಿ ದೂರು ಬರೆಸಿ ಸ್ವೀಕೃತಿ ಪಡೆಯಿರಿ.